ತಮ್ಮನ ತಲೆಗೆ ಎರಡು ಟೆಸ್ಟು: ಒಂದು ರಕ್ತದ್ದು, ಒಂದು ಪೆನ್ಸಿಲ್‌ದು

ನಾನು ರಿವ್ಯೂ ಬರೆಯುವುದು ಸಾಮಾನ್ಯವಾಗಿ ಚೈನ್ ಸ್ಪ್ರಾಕೆಟ್ ಬಗ್ಗೆ, ಬ್ರೇಕ್ ಶೂ ಬಗ್ಗೆ. ದಾವಣಗೆರೆಯಲ್ಲಿ ನಮ್ಮದು ಟೂ ವೀಲರ್ ಸ್ಪೇರ್ ಪಾರ್ಟ್ಸ್ ಅಂಗಡಿ, ಅಪ್ಪ ಶುರು ಮಾಡಿದ್ದು. ಯಾವ ಕಂಪನಿಯ ಕ್ಲಚ್ ಕೇಬಲ್ ಎಷ್ಟು ದಿನ ಬಾಳುತ್ತದೆ ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಈ ಸಲ ಬರೆಯುತ್ತಿರುವುದು ತಮ್ಮನಿಗೆ ಮಾಡಿಸಿದ ಎರಡು ಟೆಸ್ಟ್‌ಗಳ ಬಗ್ಗೆ. ಒಂದು ಲ್ಯಾಬ್‌ನದು, ರಕ್ತ ತೆಗೆದು ಮಾಡಿದ್ದು, 11,500 ರೂಪಾಯಿ. ಇನ್ನೊಂದು ಕ್ಲಿನಿಕ್‌ನದು, ಟೇಬಲ್ ಮೇಲೆ ಪೇಪರ್ ಪೆನ್ಸಿಲ್ ಇಟ್ಟು ಮಾಡಿದ್ದು, 1,800 ರೂಪಾಯಿ. ಮೊದಲನೆಯದಕ್ಕೆ ಒಂದು ಸ್ಟಾರ್, ಎರಡನೆಯದಕ್ಕೆ ನಾಲ್ಕು.

ಲ್ಯಾಬ್ ಹೆಸರು, ಕ್ಲಿನಿಕ್ ಹೆಸರು ಎರಡನ್ನೂ ಹಾಕಿಲ್ಲ. ನಮ್ಮೂರಲ್ಲಿ ಜಯದೇವ ಸರ್ಕಲ್‌ನಲ್ಲಿ ಸೀನಿದರೆ ಹದಡಿ ರೋಡಿನಲ್ಲಿ ‘ನೆಗಡಿ ಅಂತೆ?’ ಅಂತ ಕೇಳುವವರಿದ್ದಾರೆ. ತಮ್ಮ ಇದನ್ನು ಪೂರ್ತಿ ಓದಿ, ಎರಡು ಸಾಲು ಹೊಡೆದು ಹಾಕಿ, ‘ಉಳಿದದ್ದು ಹಾಕು’ ಅಂದ. ಅದಕ್ಕೇ ಹಾಕುತ್ತಿದ್ದೇನೆ.

ಅವನಿಗೆ 21. ಬಿ.ಕಾಂ. ಕಾಲೇಜು ಮುಗಿಸಿ ಸಂಜೆ ಅಂಗಡಿಗೆ ಬಂದು ಬಿಲ್ ಬರೆಯುತ್ತಿದ್ದ. ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ, ಹನ್ನೆರಡು ಐಟಂ ಇದ್ದರೂ ಬಾಯಲ್ಲೇ ಕೂಡಿಸಿ ಹೇಳುತ್ತಿದ್ದ. ಯುಗಾದಿ ಹೊತ್ತಿಗೆ ಮಾತು ಬೇರೆ ಆಯಿತು. ಎದುರಿನ ಮೊಬೈಲ್ ಅಂಗಡಿಯ ಸಿಸಿಟಿವಿ ತನ್ನ ತಲೆಯಲ್ಲಿ ಓಡುವುದನ್ನೆಲ್ಲ ರೆಕಾರ್ಡ್ ಮಾಡುತ್ತಿದೆ ಅಂದ. ಶಟರ್ ಅರ್ಧ ಎಳೆದು ಕೂರುತ್ತಿದ್ದ. ರಾತ್ರಿ ನಿದ್ದೆ ಇಲ್ಲ. ಯಾರೋ ಇಬ್ಬರು ತನ್ನ ಬಗ್ಗೆ ಮಾತಾಡುವುದು ಕೇಳಿಸುತ್ತದೆ ಅಂದ. ಹೋಟೆಲ್ ಊಟದಲ್ಲಿ ಏನೋ ಬೆರೆಸುತ್ತಾರೆ ಅಂತ ಬೆಣ್ಣೆ ದೋಸೆಯನ್ನೇ ಬಿಟ್ಟ. ದಾವಣಗೆರೆಯ ಹುಡುಗ ಬೆಣ್ಣೆ ದೋಸೆ ಬಿಟ್ಟಾಗಲೇ ನಮಗೆ ಗೊತ್ತಾಗಬೇಕಿತ್ತು.

ಅಮ್ಮ ದುರ್ಗಮ್ಮನಿಗೆ ಹರಕೆ ಹೊತ್ತಳು. ಆಮೇಲೆ ದಾರ ಕಟ್ಟುವವರ ಹತ್ತಿರ ಮೂರು ಅಮಾವಾಸ್ಯೆ. ಅಮ್ಮನ ಮೇಲೆ ಪೂರ್ತಿ ಹಾಕುವ ಹಾಗಿಲ್ಲ. ‘ಮೊಬೈಲ್ ಜಾಸ್ತಿ ಆಯ್ತು ನಿಂದು’ ಅಂತ ಬೈದು ಮೊಬೈಲ್ ಕಿತ್ತುಕೊಂಡವನು ನಾನೇ. ಹೀಗೆ ನಾಲ್ಕು ತಿಂಗಳು ಹೋಯಿತು. ಕಾಯಿಲೆ ಶುರುವಾಗಿ ಮೊದಲ ಮಾತ್ರೆ ಬಾಯಿಗೆ ಬೀಳುವವರೆಗಿನ ಈ ಸಮಯವನ್ನೇ ಡಾಕ್ಟರುಗಳು ಲೆಕ್ಕ ಹಾಕುತ್ತಾರಂತೆ. ಅದು ಉದ್ದವಾದಷ್ಟೂ ಚೇತರಿಕೆ ನಿಧಾನ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಒಂದು ರಾತ್ರಿ ಎರಡು ಗಂಟೆಗೆ ಅವನು ಬೀದಿಗೆ ಓಡಿದಾಗ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಆ ಕಡೆ ಒಬ್ಬ ಹೆಣ್ಣುಮಗಳು, ಒಳ್ಳೆ ಕನ್ನಡ. ‘ಸಾಯುವ ಮಾತು ಆಡ್ತಿದ್ದಾರಾ? ಊಟ ಮಾಡ್ತಾರಾ? ಎಷ್ಟು ದಿನದಿಂದ ನಿದ್ದೆ ಇಲ್ಲ?’ ಅಂತ ಒಂದೊಂದೇ ಕೇಳಿದರು. ವಾದ ಮಾಡಬೇಡಿ, ಹೆದರಿಸಬೇಡಿ, ಈ ವಾರದೊಳಗೇ ಮನೋವೈದ್ಯರಿಗೆ ತೋರಿಸಿ ಅಂದರು. ಅದಕ್ಕೆ ಐದು ಸ್ಟಾರ್, ಬೇರೆ ಮಾತಿಲ್ಲ.

ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿಸಿದರು. ದನಿ, ಅನುಮಾನ ಕಡಿಮೆ ಮಾಡುವ ರಿಸ್ಪೆರಿಡೋನ್ ಮಾತ್ರೆ, ಚಿಕ್ಕ ಡೋಸ್, ಶುರು ಮಾಡಿದರು. ‘ಏನು ಕಾಯಿಲೆ ಸಾರ್?’ ಅಂದೆ. ‘ಸೈಕೋಸಿಸ್, ಅಂದ್ರೆ ಇಲ್ಲದ್ದು ಕೇಳಿಸೋದು, ಇಲ್ಲದ್ದನ್ನ ನಿಜ ಅಂತ ನಂಬೋದು. ಮೊದಲ ಸಲ. ಅದಕ್ಕಿಂತ ದೊಡ್ಡ ಹೆಸರು ಇವತ್ತೇ ಬೇಡ. ಹೇಗೆ ಹೋಗುತ್ತೆ ನೋಡೋಣ’ ಅಂದರು. ನನಗೆ ಸಮಾಧಾನ ಆಗಲಿಲ್ಲ. ನಮ್ಮ ಅಂಗಡಿಯಲ್ಲಿ ಪಾರ್ಟ್ ನಂಬರ್ ಇಲ್ಲದೆ ಏನೂ ಹುಡುಕೋಕಾಗಲ್ಲ. ಕಾಯಿಲೆಗೂ ಒಂದು ಪಾರ್ಟ್ ನಂಬರ್ ಬೇಕಿತ್ತು ನನಗೆ.

ಆ ಹೊತ್ತಿಗೆ ಚಿಕ್ಕಪ್ಪ ವಾಟ್ಸಾಪಿನಲ್ಲಿ ಒಂದು ಜಾಹೀರಾತು ಕಳಿಸಿದರು. ಮೆದುಳಿನ ಮಾರ್ಕರ್ (ಕಾಯಿಲೆಯ ಗುರುತು) ಪ್ಯಾಕೇಜ್, ಒಂದೇ ಸಲ ರಕ್ತ ಕೊಟ್ಟರೆ ಸಾಕು, ಮಾನಸಿಕ ಕಾಯಿಲೆ ಪತ್ತೆ. ಡಾಕ್ಟರನ್ನು ಕೇಳದೆ ಮಾಡಿಸಿದೆ. ಬೇಕಿದ್ದರೆ ಜೀನ್ ಟೆಸ್ಟ್ ಕೂಡ ಸೇರಿಸಿಕೊಳ್ಳಿ ಅಂದರು ಕೌಂಟರಿನಲ್ಲಿ. ಜೇಬಿನಲ್ಲಿ ಅಷ್ಟು ದುಡ್ಡಿರಲಿಲ್ಲ, ಬಚಾವಾದೆ.

ಆರು ದಿನಕ್ಕೆ ರಿಪೋರ್ಟ್ ಬಂತು. ಹದಿನಾಲ್ಕು ಪುಟ, ಬಣ್ಣದ ಪ್ರಿಂಟು, ಮದುವೆ ಆಲ್ಬಂ ಇದ್ದ ಹಾಗೆ. ಸಿಆರ್‌ಪಿ, ಇಂಟರ್‌ಲ್ಯೂಕಿನ್-6, ಹೋಮೋಸಿಸ್ಟೀನ್, ಬಿಡಿಎನ್‌ಎಫ್, ಕಾರ್ಟಿಸಾಲ್, ವಿಟಮಿನ್‌ಗಳು. ಮೈಯಲ್ಲಿ ಉರಿಯೂತ ಇದ್ದರೆ ಏರುವ ಸಿಆರ್‌ಪಿ ಮುಂದೆ ಕೆಂಪು ಬಾಣ. ರಾತ್ರಿಯೆಲ್ಲ ಕೂತು ಮೊಬೈಲಿನಲ್ಲಿ ಓದಿದೆ. ಮೈಯೊಳಗಿನ ಉರಿಯೂತಕ್ಕೂ ಸೈಕೋಸಿಸ್‌ಗೂ ಸಂಬಂಧ ಇದೆ ಅಂತ ನಿಜವಾಗಿಯೂ ಸಂಶೋಧನೆಗಳಿವೆ. ಸಿಕ್ಕೇಬಿಡ್ತು ಪಾರ್ಟ್ ನಂಬರ್ ಅಂದುಕೊಂಡೆ.

ಡಾಕ್ಟರು ಆ ಪುಟವನ್ನು ಒಂದು ನಿಮಿಷ ನೋಡಿದರು. ಆಮೇಲೆ ನನ್ನನ್ನಲ್ಲ, ತಮ್ಮನನ್ನು ನೋಡಿ, ‘ಹಲ್ಲು ನೋವಾ?’ ಅಂದರು.

ಹೌದು. ಬುದ್ಧಿಹಲ್ಲು ಬಂದು ದವಡೆ ಊದಿಕೊಂಡಿತ್ತು. ಎರಡು ವಾರದಿಂದ. ಸಿಆರ್‌ಪಿ ಅದಕ್ಕೂ ಏರುತ್ತದೆ, ಕಾಲಿಗೆ ಕುರು ಆದರೂ ಏರುತ್ತದೆ, ಜ್ವರಕ್ಕೂ ಏರುತ್ತದೆ.

ಅವರು ಬೈಯಲಿಲ್ಲ. ನನಗೆ ಅರ್ಥವಾಗುವ ಹಾಗೆ ಹೇಳಿದರು. ‘ಸೀಜ್ ಆದ ಎಂಜಿನ್ ಬಿಸಿ ಇರುತ್ತೆ ಅಲ್ವಾ? ಹಾಗಂತ ಬಿಸಿ ಇರೋ ಎಂಜಿನ್ ಎಲ್ಲ ಸೀಜ್ ಆಗಿದೆ ಅಂತೀರಾ?’ ಕಾಯಿಲೆ ಇರುವ ನೂರಾರು ಜನರನ್ನು ಒಂದು ಕಡೆ, ಇಲ್ಲದವರನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಸರಾಸರಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಎರಡು ಗುಂಪೂ ಒಂದರೊಳಗೊಂದು ಕಲೆತುಕೊಂಡಿರುತ್ತವೆ. ಒಬ್ಬನನ್ನು ಎಳೆದು ತಂದು, ಇವನ ರಕ್ತದಲ್ಲಿ ಇಷ್ಟಿದೆ, ಹಾಗಾಗಿ ಇವನಿಗೆ ಸೈಕೋಸಿಸ್ ಅಂತ ಹೇಳುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಜೀನ್ ಕಥೆಯೂ ಅಷ್ಟೇ. 2022ರಲ್ಲಿ ಬಂದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನವೊಂದು ಸ್ಕಿಜೋಫ್ರೀನಿಯಾಕ್ಕೆ (ಸೈಕೋಸಿಸ್ ಬಹುಕಾಲ ಕಾಡುವ ಕಾಯಿಲೆ) ಸಂಬಂಧಪಟ್ಟ 287 ಜಾಗಗಳನ್ನು ಜೀನೋಮಿನಲ್ಲಿ ಗುರುತಿಸಿತು. ಅಷ್ಟು ಜಾಗ, ಒಂದೊಂದರ ಪಾಲು ಚೂರೇ ಚೂರು. ಕೌಂಟರಿನಲ್ಲಿ ಕೂತವರು ಅದರಲ್ಲಿ ಯಾವುದನ್ನು ನೋಡಿ ಏನು ಹೇಳುತ್ತಿದ್ದರೋ!

ಲ್ಯಾಬಿಗೆ ಅನ್ಯಾಯ ಮಾಡಬಾರದು. ವಿಟಮಿನ್ ಬಿ12 ಕಡಿಮೆ ಇದ್ದದ್ದು ಆ ರಿಪೋರ್ಟಿನಲ್ಲೇ ಗೊತ್ತಾಯಿತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಬಿ12 ತುಂಬಾ ಕಡಿಮೆಯಾದರೆ ತಲೆ ಕೆಡುವುದೂ ಉಂಟಂತೆ, ಇವನದು ಅಷ್ಟಿರಲಿಲ್ಲ, ಆದರೂ ಇಂಜೆಕ್ಷನ್ ಬರೆದರು. ಅದೊಂದನ್ನೇ ಮಾಡಿಸಿದ್ದರೆ ಪಕ್ಕದ ಲ್ಯಾಬಿನಲ್ಲಿ ಸಾವಿರದೊಳಗೆ ಮುಗಿಯುತ್ತಿತ್ತು. ಕೊಟ್ಟ ಒಂದು ಸ್ಟಾರ್ ಬಿ12ಗೆ.

ರಕ್ತ ಪರೀಕ್ಷೆಯೇ ಬೇಡ ಅಂತ ಇದನ್ನು ಓದಿ ಯಾರೂ ತಿಳಿಯಬೇಡಿ. ಡಾಕ್ಟರು ತಾವೇ ಒಂದಷ್ಟು ಬರೆದರು. ಥೈರಾಯ್ಡ್, ಸಕ್ಕರೆ, ಕೊಬ್ಬು, ಲಿವರ್, ಕಿಡ್ನಿ, ಎಚ್‌ಐವಿ, ಸಿಫಿಲಿಸ್‌ಗೆ ವಿಡಿಆರ್‌ಎಲ್, ಅವನ ಒಪ್ಪಿಗೆ ಕೇಳಿ ಗಾಂಜಾ ಇತ್ಯಾದಿಗೆ ಮೂತ್ರ ಪರೀಕ್ಷೆ. ಇವು ಸೈಕೋಸಿಸ್ ಹುಡುಕಲು ಅಲ್ಲ, ಸೈಕೋಸಿಸ್ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳನ್ನು ಬಿಟ್ಟು ಹಾಕಲು. ಜ್ವರ, ಫಿಟ್ಸ್, ಮೈ ಸೆಟೆದುಕೊಳ್ಳುವುದು, ಕೆಲವೇ ವಾರದಲ್ಲಿ ಏಕಾಏಕಿ ಹದಗೆಡುವುದು ಇದ್ದರೆ ಮೆದುಳಿಗೇ ಮೈಯ ರೋಗನಿರೋಧಕ ಶಕ್ತಿ ತಿರುಗಿ ಬೀಳುವ ಕಾಯಿಲೆಯೊಂದಿದೆ, 2007ರಲ್ಲಷ್ಟೇ ಗುರುತಿಸಿದ್ದು, ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅಂತ. ಅದನ್ನು ಪರೀಕ್ಷೆಯಲ್ಲೇ ಹಿಡಿಯಬೇಕು, ಚಿಕಿತ್ಸೆಯೇ ಬೇರೆ. ನಮ್ಮವನಿಗೆ ಅಂಥ ಲಕ್ಷಣ ಇರಲಿಲ್ಲ. ಇನ್ನು ತೂಕ, ಸೊಂಟದ ಸುತ್ತಳತೆ ಬರೆದಿಟ್ಟರು. ಮಾತ್ರೆಯಿಂದ ತೂಕ, ಸಕ್ಕರೆ ಏರಬಹುದು, ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕಲ್ಲ. ಟೇಪು ಹಿಡಿದು ಅಳೆದದ್ದು ಇಡೀ ಹದಿನಾಲ್ಕು ಪುಟಕ್ಕಿಂತ ಉಪಯೋಗಕ್ಕೆ ಬಂತು. ಮೂರು ತಿಂಗಳಲ್ಲಿ ಐದು ಕೆಜಿ ಏರಿದ್ದು ಅದರಿಂದಲೇ ಹಿಡಿದರು.

ಎಂಆರ್‌ಐ ಕೂಡ ಆಯಿತು, ಹಿಂದಿನ ವರ್ಷ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು ಅಂತ. ನಾರ್ಮಲ್. ನಾನು ಖುಷಿಯಾಗಿ ಮನೆಗೆ ಬಂದು ಹೇಳಿದರೆ ಅಮ್ಮ ಅಳೋಕೆ ಶುರು. ‘ಮೆದುಳಲ್ಲಿ ಏನೂ ಇಲ್ಲ ಅಂದ್ರೆ ಇದು ಹೊರಗಿಂದಾನೇ ಬಂದಿದ್ದು ಕಣೋ’ ಅಂದಳು. ಮತ್ತೆ ದಾರ ಕಟ್ಟಿಸಲು ಹೊರಟಳು. ನಾರ್ಮಲ್ ರಿಪೋರ್ಟು ಮನೆಯಲ್ಲಿ ಇಂಥ ಕೆಲಸ ಮಾಡುತ್ತದೆ ಅಂತ ಸ್ಕ್ಯಾನ್ ಸೆಂಟರಿನವರಿಗೆ ಗೊತ್ತಿರಲಿಕ್ಕಿಲ್ಲ. ಡಾಕ್ಟರು ಅಮ್ಮನನ್ನು ಕರೆಸಿ ಹೇಳಬೇಕಾಯಿತು: ಸ್ಕ್ಯಾನ್ ಮಾಡುವುದು ಗಡ್ಡೆ, ರಕ್ತಸ್ರಾವ ನೋಡೋಕೆ. ಸ್ಕಿಜೋಫ್ರೀನಿಯಾ ಇರುವವರ ಮೆದುಳಿನೊಳಗಿನ ನೀರಿನ ಕೋಣೆಗಳು ಸರಾಸರಿಯಲ್ಲಿ ಸ್ವಲ್ಪ ಅಗಲ ಅಂತ 1976ರಲ್ಲೇ ಇಂಗ್ಲೆಂಡಿನವರು ಸಿಟಿ ಸ್ಕ್ಯಾನಿನಲ್ಲಿ ತೋರಿಸಿದ್ದಾರೆ. ಆದರೆ ಅದು ಗುಂಪಿನ ಲೆಕ್ಕ, ಒಬ್ಬರ ಫಿಲ್ಮ್ ಹಿಡಿದು ತೋರಿಸಲು ಬರುವುದಿಲ್ಲ. ಅಮ್ಮ ಪೂರ್ತಿ ಒಪ್ಪಿದಳು ಅಂತ ಹೇಳಲಾರೆ. ಮಾತ್ರೆ ತಪ್ಪಿಸುವುದಿಲ್ಲ, ದಾರವೂ ಇದೆ. ಇರಲಿ.

ಈಗ ಪೆನ್ಸಿಲ್ ಟೆಸ್ಟ್.

ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ದನಿಗಳು ಹತ್ತಿರ ಹತ್ತಿರ ನಿಂತವು. ಆದರೆ ಹುಡುಗ ಮೊದಲಿನಂತಿಲ್ಲ. ಬಾಲ್ ರೇಸ್ ತಾ ಅಂದರೆ ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿದ್ದ. ಸೋಮಾರಿ ಆಗಿದ್ದಾನೆ ಅಂದುಕೊಂಡೆ. ಡಾಕ್ಟರು, ‘ಸೋಮಾರಿತನ ಅಲ್ಲ ಅನ್ಸುತ್ತೆ, ಅಳೆಸೋಣ’ ಅಂತ ಅದೇ ಕ್ಲಿನಿಕ್ಕಿನ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

ಮೊದಲ ದಿನ ಆ ಮೇಡಂ ನಮ್ಮನ್ನು ವಾಪಸ್ ಕಳಿಸಿದರು. ಹಿಂದಿನ ರಾತ್ರಿ ಅವನು ಸರಿಯಾಗಿ ಮಲಗಿರಲಿಲ್ಲ, ತೂಕಡಿಸುತ್ತಿದ್ದ. ‘ಇವತ್ತು ಅಳೆದರೆ ನಿದ್ದೆಗೆಟ್ಟಿದ್ದನ್ನು ಅಳೆದ ಹಾಗಾಗುತ್ತೆ’ ಅಂದರು. ಶನಿವಾರ ಅಂಗಡಿ ಮುಚ್ಚಿ ಬಂದಿದ್ದೆ, ಕೋಪ ಬಂತು. ಈಗ ಅನಿಸುತ್ತದೆ, ನಾನೂ ಬಿಸಿ ಎಂಜಿನ್ನಿನಲ್ಲಿ ಟ್ಯಾಪೆಟ್ ಅಡ್ಜಸ್ಟ್ ಮಾಡು ಅಂದರೆ ಮಾಡಲ್ಲವಲ್ಲ. ದುಡ್ಡು ತಗೊಳ್ಳದೆ ವಾಪಸ್ ಕಳಿಸಿದ್ದಕ್ಕೇ ಒಂದು ಸ್ಟಾರ್ ಕೊಡಬೇಕು.

ಎರಡನೇ ಸಲ ಎರಡೂವರೆ ಗಂಟೆ ಹಿಡಿಯಿತು, ನಡುವೆ ಚಹಾಕ್ಕೆ ಬಿಟ್ಟರು. ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಪರೀಕ್ಷೆಗಳ ಗುಚ್ಛ ಅದು. ನಮ್ಮ ದೇಶದವರದೇ ಅಳತೆಗಳಿವೆ, ವಯಸ್ಸು, ಓದು, ಗಂಡು ಹೆಣ್ಣು ನೋಡಿ ಹೋಲಿಸುತ್ತಾರೆ. ಎಲ್ಲ ಕನ್ನಡದಲ್ಲೇ ನಡೆಯಿತು. ಹದಿನೈದು ಪದ ಓದಿ ಹೇಳುತ್ತಾರೆ, ನೆನಪಿದ್ದಷ್ಟು ವಾಪಸ್ ಹೇಳಬೇಕು, ಅದೇ ಪಟ್ಟಿ ಐದು ಸಲ. ಆಮೇಲೆ ಬೇರೆ ಏನೇನೋ ಮಾಡಿಸಿ, ಹೊತ್ತು ಕಳೆದ ಮೇಲೆ ಮತ್ತೆ ಕೇಳುತ್ತಾರೆ. ಬಣ್ಣದ ವೃತ್ತಗಳಲ್ಲಿ ಅಂಕಿಗಳನ್ನು ಕ್ರಮವಾಗಿ, ಬಣ್ಣ ಬದಲಿಸುತ್ತಾ ಗೆರೆ ಎಳೆದು ಸೇರಿಸಬೇಕು. ಇಂಗ್ಲಿಷ್ ಎಬಿಸಿಡಿ ಬೇಕಿಲ್ಲದ ಹಾಗೆ ಮಾಡಿದ್ದಾರೆ, ಅದು ನನಗೆ ಇಷ್ಟವಾಯಿತು. ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಫೋಟೋ ಹಾಕಬೇಡಿ, ಓದಿಕೊಂಡು ಬಂದವರಿಗೆ ಟೆಸ್ಟ್ ಕೆಲಸ ಮಾಡಲ್ಲ ಅಂತ ಮೇಡಂ ಕೇಳಿಕೊಂಡಿದ್ದಾರೆ.

ನನ್ನನ್ನು ಒಳಗೆ ಬಿಡಲಿಲ್ಲ. ಮುಗಿದ ಮೇಲೆ ಅಭ್ಯಾಸದ ಒಂದು ಸಾಲನ್ನು ತೋರಿಸಿದರು. ಮೇಲೆ 1ರಿಂದ 9ರವರೆಗೆ ಅಂಕಿ, ಪ್ರತಿ ಅಂಕಿಯ ಕೆಳಗೆ ಒಂದು ಗುರುತು. ಕೆಳಗಿನ ಖಾಲಿ ಚೌಕಗಳಲ್ಲಿ ಆಯಾ ಅಂಕಿಯ ಗುರುತು ತುಂಬುತ್ತಾ ಹೋಗಬೇಕು, ಮೇಡಂ ಸ್ಟಾಪ್‌ವಾಚ್ ಹಿಡಿದಿರುತ್ತಾರೆ. ಇಷ್ಟೇನಾ ಅನಿಸಿತು. ಎರಡನೇ ಕ್ಲಾಸಿನ ಹೋಂವರ್ಕ್ ಇದ್ದ ಹಾಗೆ. ನಾನೂ ಒಂದು ಸಾಲು ತುಂಬಿದೆ, ನಾಲ್ಕನೇ ಚೌಕದ ಹೊತ್ತಿಗೆ ಮೇಲೆ ನೋಡುವುದೇ ಬೇಡವಾಯಿತು, ಕೈ ತಾನೇ ಓಡಿತು. ತಮ್ಮ ಪ್ರತಿ ಚೌಕಕ್ಕೂ ಮೇಲೆ ನೋಡಿದ್ದಾನೆ. ತಪ್ಪು ಒಂದೂ ಇಲ್ಲ, ಹೊತ್ತು ಮಾತ್ರ ಸಿಕ್ಕಾಪಟ್ಟೆ. ಸೈಕೋಸಿಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಪರೀಕ್ಷೆಗಳಲ್ಲಿ ಈ ಅಂಕಿ-ಗುರುತಿನದು ಒಂದು ಅಂತ ಮೇಡಂ ಅಂದರು. ಬುದ್ಧಿ ಹೋಗಿಲ್ಲ, ಓಟ ನಿಧಾನ ಆಗಿದೆ.

ಹೊರಗೆ ಬಂದು ಬೈಕ್ ಹತ್ತುವಾಗ ಅವನು ಹೇಳಿದ್ದು: ‘ಅಣ್ಣ, ಉತ್ತರ ಗೊತ್ತಿತ್ತು. ಬರೋಕೆ ಲೇಟ್ ಮಾಡ್ತಿತ್ತು.’ ಗೋಡೌನಿನಲ್ಲಿ ಬಾಲ್ ರೇಸ್ ಮುಂದೆ ನಿಂತಿರುತ್ತಿದ್ದದ್ದು ನೆನಪಾಯಿತು. ಎಷ್ಟು ಸಲ ಬೈದಿದ್ದೆ.

ಮೇಡಂ ಇನ್ನೊಂದು ಕೇಳಿದರು. ಮೊದಲು ಹೇಗಿದ್ದ ಅಂತ ತೋರಿಸಲು ಏನಾದರೂ ಇದೆಯಾ, ಮಾರ್ಕ್ಸ್ ಕಾರ್ಡೋ ನೋಟ್ಸೋ? ನಾನು ಅಂಗಡಿಯ ಕಾರ್ಬನ್ ಬಿಲ್ ಬುಕ್ಕುಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ಇಬ್ಬರೂ ಕೂತು ತಿರುವಿದೆವು. ದೀಪಾವಳಿಯ ಬುಕ್ಕು ಮುತ್ತಿನಂಥ ಅಕ್ಷರ, ಒಂದು ತಿದ್ದುಪಡಿ ಇಲ್ಲ. ಸಂಕ್ರಾಂತಿ ಆದ ಮೇಲಿನದರಲ್ಲಿ ಪುಟಕ್ಕೊಂದು ಮೊತ್ತ ಹೊಡೆದು ಬರೆದಿದ್ದಾನೆ. ಶಿವರಾತ್ರಿ ಹೊತ್ತಿಗೆ ಒಂದೇ ಬಿಲ್ಲು ಎರಡು ಸಲ. ಒಂದು ಕಡೆ ‘ಕ್ಲಚ್ ಪ್ಲೇಟ್’ ಅಂತ ಬರೆದು ರೇಟಿನ ಜಾಗ ಖಾಲಿ. ಸಿಸಿಟಿವಿ ಮಾತು ಬಂದದ್ದು ಯುಗಾದಿಗೆ. ಅಂದರೆ ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಕೂಡಿಸುವುದು ಕುಂಟಲು ಶುರುವಾಗಿತ್ತು. ಹೀಗೇ ಆಗುವುದು, ದನಿ ಕೇಳಿಸುವ ಮೊದಲೇ ಗಮನ, ವೇಗ, ನೆನಪು ಸದ್ದಿಲ್ಲದೆ ಇಳಿದಿರುತ್ತವೆ ಅಂದರು ಮೇಡಂ. ನಾನು 11,500 ಕೊಟ್ಟು ಹುಡುಕಿದ ಮಾರ್ಕರು ನನ್ನ ಡ್ರಾಯರಿನಲ್ಲೇ ಇತ್ತು, ಕಾರ್ಬನ್ ಕಾಪಿ ಸಮೇತ.

ಹಾಗಂತ ಪೆನ್ಸಿಲ್ ಟೆಸ್ಟೂ ಕಾಯಿಲೆಯ ಹೆಸರು ಹೇಳುವುದಿಲ್ಲ. ಖಿನ್ನತೆಯಲ್ಲೂ ನಿಧಾನ ಆಗುತ್ತಾರೆ, ತಲೆಗೆ ಪೆಟ್ಟಾದವರೂ ಆಗುತ್ತಾರೆ. ಮತ್ತೆ ಯಾಕೆ ನಾಲ್ಕು ಸ್ಟಾರ್? ಅದರಿಂದ ಮಾಡಲು ಕೆಲಸ ಸಿಕ್ಕಿತು. ಗಮನ ಪರವಾಗಿಲ್ಲ. ವೇಗ ಮತ್ತು ಪದಗಳ ನೆನಪು ಎರಡೂ ಕೊರತೆಯ ಗೆರೆಯ ಕೆಳಗೆ. ಅವನ ವಯಸ್ಸು, ಓದಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ 15ನೆಯವನಿಗಿಂತ ಹಿಂದೆ ಅಂತ ಅರ್ಥ. ನೆನಪಿನ ಅಂಕ ನೋಡಿ ಮೇಡಂ ಡಾಕ್ಟರಿಗೆ ಚೀಟಿ ಬರೆದರು. ಕೈ ನಡುಕಕ್ಕೆ ಅಂತ ಕೊಟ್ಟಿದ್ದ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪನ್ನು ಮಬ್ಬು ಮಾಡುತ್ತದಂತೆ. ಡಾಕ್ಟರು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ನೀವಾಗಿಯೇ ನಿಲ್ಲಿಸಬೇಡಿ, ಅದು ಬೇರೆ ಫಜೀತಿ. ನಿಂತ ಮೇಲೆ ಮನೆಗೆ ತರುವ ಸಾಮಾನು ಮರೆಯುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು. ದನಿ ನಿಲ್ಲಿಸುವ ಮಾತ್ರೆ ಈ ನಿಧಾನವನ್ನು ಅಷ್ಟಾಗಿ ಸರಿ ಮಾಡುವುದಿಲ್ಲ, ಕಾಲೇಜಿಗೆ, ಕೆಲಸಕ್ಕೆ ಮರಳುವುದು ಮಾತ್ರ ಬಹಳಷ್ಟು ಇದರ ಮೇಲೇ ನಿಂತಿದೆ ಅಂತಲೂ ತಿಳಿಯಿತು. ಅದಕ್ಕೆ ಬೇರೆ ಅಭ್ಯಾಸಗಳಿವೆ, ವಾರಕ್ಕೊಮ್ಮೆ ಮಾಡಿಸುತ್ತಾರೆ. ದಿನಾ ಬೆಳಗ್ಗೆ ಕುಂದವಾಡ ಕೆರೆ ಸುತ್ತ ನಡಿಗೆ ಕಡ್ಡಾಯ. ಅಂಗಡಿಯಲ್ಲಿ ಒಂದು ಸಲಕ್ಕೆ ಒಬ್ಬ ಗಿರಾಕಿ, ಒಂದು ಐಟಂ, ಚಿಲ್ಲರೆಯನ್ನು ಬಾಯಿಬಿಟ್ಟು ಎಣಿಸಿ ಕೊಡುವುದು. ನಾನು ‘ಬೇಗ ಬೇಗ’ ಅನ್ನಬಾರದು, ಇದು ನನಗೆ ಕೊಟ್ಟ ಹೋಂವರ್ಕ್.

ಮೇಡಂ ಹತ್ತಿರ ಕಲಿಯಲು ಬಂದಿದ್ದ ಹುಡುಗನೊಬ್ಬ ಇನ್ನೊಂದು ವಿಷಯ ಹೇಳಿದ. ತಲೆಗೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ತಂತಿ ಹಚ್ಚಿ ಟಿಕ್, ಟಿಕ್, ಟಿಕ್ ಅಂತ ಒಂದೇ ಸದ್ದು ಕೇಳಿಸಿ, ನಡುವೆ ಒಂದು ಟುಕ್ ಹಾಕುತ್ತಾರಂತೆ. ನೀವು ಕೇಳಿಸಿಕೊಳ್ಳದೆ ಏನೋ ಓದುತ್ತಾ ಕೂತಿದ್ದರೂ ಮೆದುಳು ಆ ಟುಕ್‌ಗೆ ಒಂದು ಅಲೆ ಎಬ್ಬಿಸುತ್ತದೆ. ಮಿಸ್‌ಮ್ಯಾಚ್ ನೆಗೆಟಿವಿಟಿ ಅಂತ ಹೆಸರು. ಬಾಗಿಲಲ್ಲಿ ಹೋದ ಬೈಕಿನ ಸದ್ದು ಒಂಚೂರು ಬದಲಾದರೆ ನಮ್ಮ ಮೆಕ್ಯಾನಿಕ್ಕುಗಳು ಮಾತಾಡುತ್ತಲೇ ಕತ್ತು ತಿರುಗಿಸುತ್ತಾರಲ್ಲ, ಅದೇ. ಸ್ಕಿಜೋಫ್ರೀನಿಯಾ ಹಳೆಯದಾದವರಲ್ಲಿ ಆ ಅಲೆ ಚಿಕ್ಕದಾಗಿರುತ್ತದೆ, ಈಗಷ್ಟೇ ಶುರುವಾದವರಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಇದೂ ಸಂಶೋಧನೆಯ ಮಾತೇ, ನಮ್ಮ ಚೀಟಿಯಲ್ಲಿ ಬರೆಯುವ ಟೆಸ್ಟ್ ಅಲ್ಲ. ನಾಳೆ ಯಾರಾದರೂ ಪ್ಯಾಕೇಜ್ ಮಾಡಿ ಮಾರಿದರೆ ನೆನಪಿರಲಿ.

ಐದನೇ ಸ್ಟಾರ್ ಯಾಕೆ ಕಟ್ ಅಂದರೆ, ಒಂದು, ರಿಸೆಪ್ಷನ್. ‘ಸೈಕೋಸಿಸ್ ಟೆಸ್ಟಿಂಗ್ ಯಾರ್ರೀ?’ ಅಂತ ಕೂಗಿದರು, ಹಾಲ್ ತುಂಬಾ ಜನ. ತಮ್ಮ ಎದ್ದು ಹೊರಗೆ ಹೋಗಿಬಿಟ್ಟ, ಇಪ್ಪತ್ತು ನಿಮಿಷ ಸಮಾಧಾನ ಮಾಡಿ ಕರೆತಂದೆ. ಟೋಕನ್ ನಂಬರ್ ಕೂಗಿದರೆ ಏನು ಗಂಟು ಹೋಗುತ್ತೆ? ಎರಡು, ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ. ಕೇಳಿದ್ದಕ್ಕೆ ಮೇಡಂ ಕನ್ನಡದಲ್ಲಿ ಅರ್ಧ ಹಾಳೆ ಬರೆದುಕೊಟ್ಟರು, ಅದು ಈಗ ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದೆ. ಎಲ್ಲರಿಗೂ ಹಾಗೇ ಕೊಡಬಹುದಲ್ವಾ? ರಿಪೋರ್ಟಿನ ಕಾಪಿ ಕೇಳಲು ಮುಜುಗರ ಪಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದಾಖಲೆ ನೋಡುವ ಹಕ್ಕು ರೋಗಿಗೇ ಇದೆ.

ಮುಂದಿನ ಟೆಸ್ಟ್ ವರ್ಷದ ಮೇಲೆ. ಬೇಗ ಮಾಡಿದರೆ ಹಿಂದಿನದು ನೆನಪಿದ್ದು ಅಂಕ ಸುಮ್ನೆ ಏರುತ್ತದಂತೆ. ಅಲ್ಲಿಯವರೆಗೆ ನನ್ನ ಹತ್ತಿರ ಬಿಲ್ ಬುಕ್ ಇದೆ. ಕಳೆದ ತಿಂಗಳದ್ದರಲ್ಲಿ ಏಳು ಕಡೆ ಹೊಡೆದು ಬರೆದಿದ್ದಾನೆ, ಅದರಲ್ಲಿ ಎರಡು ನನ್ನ ತಪ್ಪು. ಟೆಸ್ಟಿನ ದಿನ ಮಧ್ಯಾಹ್ನ ಅವನೇ ಹೋಟೆಲ್ ಮುಂದೆ ಬೈಕ್ ನಿಲ್ಲಿಸು ಅಂದ. ಎರಡು ಬೆಣ್ಣೆ ದೋಸೆ ತಿಂದ, ಮೊದಲ ತುತ್ತಿಗೆ ಸ್ವಲ್ಪ ಹೊತ್ತು ನೋಡಿದ, ಅಷ್ಟೇ.

ಹೋಗುವವರು ಬೆಳಗ್ಗೆ ಹತ್ತಕ್ಕೆ ಮೊದಲೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಇಂಥವರಿಗೆ ಸುಸ್ತಾಗುತ್ತದೆ. ಕನ್ನಡಕ ಇದ್ದರೆ ಮರೆಯಬೇಡಿ. ಹಳೇ ನೋಟ್‌ಬುಕ್ಕು, ಲೆಕ್ಕದ ಪುಸ್ತಕ ಏನಿದ್ದರೂ ಚೀಲಕ್ಕೆ ಹಾಕಿಕೊಳ್ಳಿ. ಕಾರ್ ಪಾರ್ಕಿಂಗ್ ಇಲ್ಲ, ಬೈಕಿಗೆ ಪಕ್ಕದ ಬೇವಿನ ಮರದ ಕೆಳಗೆ ಜಾಗ ಇದೆ.